ಎರಡು ನಾಲಿಗೆಯ ದನಿಯಕ್ಕ

ರೈಲು ನಿಲ್ದಾಣದಲ್ಲಿ ಮೂಟೆ ಹೊರುವವರಿಂದ ಹಿಡಿದು ಗಾರ್ಡುಗಳವರೆಗೆ ಎಲ್ಲರ ಬಾಯಲ್ಲೂ ಆಕೆ ದನಿಯಕ್ಕ. ಯಾವ ಗಾಡಿ ಎಲ್ಲಿಗೆ ಬರುತ್ತದೆ, ಯಾವುದು ತಡ, ಯಾರ ಮಗು ಕೈತಪ್ಪಿ ವಿಚಾರಣೆ ಕಿಟಕಿಯ ಹತ್ತಿರ ಅಳುತ್ತ ಕೂತಿದೆ, ಇದನ್ನೆಲ್ಲ ಊರಿಗೆ ಸಾರುವ ದನಿ ಆಕೆಯದು. ಆ ದನಿಗೆ ಒಂದು ಗುಣವಿತ್ತು. ಗಾಡಿ ರದ್ದಾಗಿದೆ ಎಂದು ಹೇಳಿದರೂ ಜನರಿಗೆ ಸಿಟ್ಟು ಬರುತ್ತಿರಲಿಲ್ಲ. 'ಪಾಪ, ಅವರಾದರೂ ಏನು ಮಾಡ್ತಾರೆ' ಎಂದುಕೊಂಡು ಚೀಲ ಎತ್ತಿಕೊಂಡು ಹೊರಡುತ್ತಿದ್ದರು.

ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಆಕೆ ಕೂರುತ್ತಿದ್ದದ್ದು ಮೆಟ್ಟಿಲ ಮೇಲಿನ ಗಾಜಿನ ಗೂಡಿನಲ್ಲಿ. ಒಂದು ಮೈಕು, ಒಂದು ಗಡಿಯಾರ, ಬೆನ್ನು ನೋಯದಂತೆ ಮಡಿಸಿದ ದುಪ್ಪಟಿ ಹಾಸಿದ ಕುರ್ಚಿ, ಗಂಟಲಿಗೆಂದು ಫ್ಲಾಸ್ಕಿನಲ್ಲಿ ಬಿಸಿನೀರು. ಒಮ್ಮೆ ತಪ್ಪಿಸಿಕೊಂಡ ಮಗಳನ್ನು ಆಕೆಯ ಕೂಗಿನಿಂದಲೇ ಮರಳಿ ಪಡೆದ ಒಬ್ಬ ಗೃಹಸ್ಥರು ಚಾಕಲೇಟಿನ ಡಬ್ಬಿ ಹಿಡಿದುಕೊಂಡು ಆ ಗೂಡಿಗೆ ಹತ್ತಿ ಬಂದರು. ಒಳಗೆ ಕೂತಿದ್ದ ಕಪ್ಪು ಬಣ್ಣದ, ದಪ್ಪ ತುಟಿಯ ಹೆಂಗಸನ್ನು ನೋಡಿ, "ಮೇಡಂ ಎಲ್ಲಮ್ಮಾ? ಕಸ ಗುಡಿಸಿ ಆದ್ಮೇಲೆ ಸ್ವಲ್ಪ ಕರೀತೀಯಾ?" ಎಂದರು.

"ಬರ್ತಾರೆ, ಕೂತ್ಕೊಳ್ಳಿ" ಎಂದಳು ದನಿಯಕ್ಕ. ಆಮೇಲೆ ಮೈಕಿನ ಗುಂಡಿ ಒತ್ತಿ, "ಪ್ರಯಾಣಿಕರ ಗಮನಕ್ಕೆ..." ಎಂದು ಶುರು ಮಾಡಿದಳು. ಆ ಮನುಷ್ಯರ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಇಳಿದುಹೋದರು. ಈ ಕಥೆಯನ್ನು ಆಕೆ ಗಂಡನಿಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಚಾಕಲೇಟು ಮಾತ್ರ ತಿನ್ನಲು ಮನಸ್ಸಾಗದೆ ಲೈನ್‌ಮನ್‌ಗಳಿಗೆ ಹಂಚಿಬಿಟ್ಟಳು.

ದನಿಯಕ್ಕ ಆಚೆದಡದವಳು. ಹೊಳೆಯ ಮೇಲೆ ರೈಲುಸೇತುವೆ ಕಟ್ಟುವಾಗ ಕಲ್ಲು ಒಡೆಯಲು ದೂರದ ನಾಡಿನಿಂದ ಕರೆತಂದ ಜನರ ಮೊಮ್ಮಕ್ಕಳಿಗೆಲ್ಲ ಊರು ಇಟ್ಟ ಹೆಸರು ಅದು. ಸೇತುವೆ ಮುಗಿದ ಮೇಲೆ ಅವರು ಹೊಳೆಯ ಆಚೆ ದಡದಲ್ಲೇ ನಿಂತರು. ಬಣ್ಣ ಕಪ್ಪು, ಕೂದಲು ಸುರುಳಿ. ಊರಿನ ಭಾಷೆಯನ್ನೇ ಆಡಿದರೂ ಪದದ ಕೊನೆಯನ್ನು ತೊಟ್ಟಿಲು ತೂಗಿದಂತೆ ಎಳೆಯುತ್ತಿದ್ದರು. ಬಾಯಲ್ಲಿ 'ಶ' ಹೊರಡದೆ 'ಸ' ಆಗಿಬಿಡುತ್ತಿತ್ತು. ಅವರ ಬಾಯಲ್ಲಿ ಶಹರ ಸಹರವಾಗುತ್ತಿತ್ತು, ಶಾಲೆ ಸಾಲೆಯಾಗುತ್ತಿತ್ತು.

ಆಕೆಯ ಅವ್ವ ನಾಲ್ಕು ಬೀದಿಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು. ಯಾವ ಮನೆಯ ಬಾಗಿಲು ತಟ್ಟಿದರೂ ಬಾಯಿ ತೆರೆಯುವ ತನಕ ಒಂದು ಮರ್ಯಾದೆ, ತೆರೆದ ಮೇಲೆ ಇನ್ನೊಂದು ಎಂಬುದು ಅವಳ ಅನುಭವ. ಮುಖ ಬದಲಿಸಲು ಆಗುವುದಿಲ್ಲ, ನಾಲಿಗೆಯನ್ನಾದರೂ ಬದಲಿಸೋಣ ಎಂದು ಮಗಳನ್ನು ಇಸ್ತ್ರಿ ಮೇಜಿನ ಪಕ್ಕ ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದಳು.

"ಸಾಲೆ ಅಲ್ಲ ಕಣೇ. ಸಾಲೆ!"

"ಅದನ್ನೇ ಅಲ್ವಾ ಅವ್ವಾ ನಾನೂ ಹೇಳಿದ್ದು?"

"ನನ್ನ ಬಾಯಿ ನೋಡ್ಬೇಡ. ಟೀಚರ್ ಬಾಯಿ ನೋಡಿ ಹೇಳು."

ಅವ್ವನ ಬಾಯಿಗೆ ಬಾರದ ಆ ಅಕ್ಷರ ಅವ್ವನ ಕಿವಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಸರಿಯಾಗಿ ಅಂದ ದಿನ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಅವಳ ಗಲ್ಲ ಹಿಂಡಿದಳು. ಮನೆಯಲ್ಲಿ ಅಜ್ಜಿ ಮಾತ್ರ ಬಿಡದೆ ತೂಗಿ ತೂಗಿ ಮಾತಾಡುತ್ತಿದ್ದಳು. ಹಾಗಾಗಿ ಹುಡುಗಿ ಎರಡು ನುಡಿಯ ನಡುವೆ ಬೆಳೆದಳು, ಒಂದು ಹೊಸಿಲ ಒಳಗೆ, ಇನ್ನೊಂದು ಹೊಸಿಲ ಹೊರಗೆ. ಅಜ್ಜಿ ತೀರಿಕೊಂಡ ಮೇಲೆ ಹೊಸಿಲೊಳಗಿನದಕ್ಕೆ ಆಡುವವರೇ ಉಳಿಯಲಿಲ್ಲ.

ಆಕೆಗೆ ನಲವತ್ತು ದಾಟಿದ ಮೇಲೆ ನಿಲ್ದಾಣಕ್ಕೆ ಯಂತ್ರ ಬಂತು. ಅಂಕಿ, ಊರಿನ ಹೆಸರು, 'ತಡವಾಗಿ', 'ಬರಲಿದೆ' ಎಂಬುದನ್ನೆಲ್ಲ ಆಕೆಯಿಂದಲೇ ಹೇಳಿಸಿ ತುಂಬಿಕೊಂಡರು. ಮುಂದಿನದನ್ನು ಯಂತ್ರವೇ ಜೋಡಿಸಿಕೊಳ್ಳುತ್ತಿತ್ತು. ಆಕೆಗೆ ಉಳಿದದ್ದು ಬೆಳಗಿನ ಪಾಳಿ ಮಾತ್ರ. ಮಧ್ಯಾಹ್ನ ಮನೆಯಲ್ಲಿ ಕೂತರೆ ಬಾಯಿ ತುರಿಸುತ್ತಿತ್ತು. ಬಡಗಿ ಕೆಲಸದ ಗಂಡ ನೋಡುವಷ್ಟು ನೋಡಿ ಹೇಳಿದ: "ಹೀಗೇ ಗೋಡೆಗೆ ಅನೌನ್ಸ್ ಮಾಡ್ತಾ ಕೂತ್ರೆ ಗೋಡೆ ಬಿರುಕು ಬಿಡುತ್ತೆ ಮಾರಾಯ್ತಿ. ಸಂಜೆ ಕಾಲೇಜಿಗಾದ್ರೂ ಹೋಗು."

ಟೈಪಿಂಗ್ ಕಲಿಯೋಣವೆಂದು ಹೋದಳು. ಆ ತರಗತಿ ಭರ್ತಿಯಾಗಿತ್ತು. ಪಕ್ಕದ ಕೋಣೆಯಲ್ಲಿ ಜಾಗ ಖಾಲಿ ಇತ್ತು, ಫ್ಯಾನೂ ತಿರುಗುತ್ತಿತ್ತು. ಬೋರ್ಡಿನ ಮೇಲೆ 'ಜನಾಂಗ, ಬಣ್ಣ, ಸಮಾಜ' ಎಂದು ಬರೆದಿತ್ತು. ತಲೆ ಪೂರ್ತಿ ನರೆತ ಪ್ರೊಫೆಸರಮ್ಮ ಮೇಜಿಗೆ ಒರಗಿಕೊಂಡು ಹೇಳುತ್ತಿದ್ದರು:

"ಜನಾಂಗ ಅನ್ನೋದು ರಕ್ತದಲ್ಲಿಲ್ಲ. ಯಾವ ಯಂತ್ರ ಇಟ್ಟು ಹುಡುಕಿದ್ರೂ ಸಿಗಲ್ಲ. ಅದು ಮನುಷ್ಯರು ಕಟ್ಟಿಕೊಂಡ ಮಾತು. ಹಾಗಂತ ಸುಳ್ಳು ಅಂತ ಕೈ ಒದರಿಬಿಡೋ ಹಾಗಿಲ್ಲ. ಆ ಮಾತನ್ನ ನಂಬಿ ಯಾರೋ ಬಾಗಿಲು ಹಾಕ್ಕೋತಾರಲ್ಲ, ಆ ಸದ್ದು ನಿಜ. ನಾವಿಲ್ಲಿ ಓದೋದು ಆ ಸದ್ದನ್ನ."

ಸದ್ದು ಎಂದ ಕೂಡಲೇ ದನಿಯಕ್ಕನ ಕಿವಿ ನಿಮಿರಿತು. ಆವತ್ತಿನಿಂದ ಆಕೆ ಟೈಪಿಂಗಿನ ಸುದ್ದಿ ಎತ್ತಲಿಲ್ಲ.

ಕಲಿಯುವುದು ಸುಲಭವಾಗಿರಲಿಲ್ಲ. ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಪುಸ್ತಕದ ಒಂದು ಪುಟ ಓದುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಆದರೆ ಓದಿದ್ದು ಒಳಗೆ ಇಳಿದಾಗ ಮೈ ಜುಮ್ಮೆನ್ನುತ್ತಿತ್ತು. ತನಗೆ, ತನ್ನ ಅವ್ವನಿಗೆ ಆದದ್ದೆಲ್ಲ ತಮ್ಮ ಹಣೆಬರಹವೆಂದುಕೊಂಡಿದ್ದಳು. ಎಲ್ಲೆಲ್ಲೋ ಯಾರ್ಯಾರಿಗೋ ಆದದ್ದನ್ನು ಜನ ಕೂತು ಅಳೆದು ತೂಗಿ ಬರೆದಿದ್ದಾರೆಂದು ತಿಳಿದಾಗ ಒಂಟಿತನ ಅರ್ಧ ಇಳಿಯಿತು.

ತರಗತಿಯಲ್ಲಿ ಮನೆ ಬಾಡಿಗೆ ಕೊಡಿಸುವ ಬ್ರೋಕರ್ ಒಬ್ಬನಿದ್ದ. ಈಚೆದಡದವನು. ಒಳ್ಳೆಯವನು, ಸ್ವಲ್ಪ ಬಾಯಿಬಡುಕ. ಒಂದು ಸಂಜೆ ಎದ್ದು ನಿಂತು, "ಮೇಡಂ, ಇದೆಲ್ಲಾ ಹಳೇ ಕಾಲದ ಕಥೆ. ಈಗ ಯಾರೂ ಬಣ್ಣ ನೋಡಲ್ಲ. ಬಾಡಿಗೆ ನೆಟ್ಟಗೆ ಕೊಡ್ತಾನಾ, ಅಷ್ಟೇ. ನಾನು ದಿನಾ ಅದೇ ಕೆಲಸ ಮಾಡ್ತೀನಿ, ನಂಗೊತ್ತಿಲ್ವಾ?" ಎಂದ.

ದನಿಯಕ್ಕನಿಗೆ ರೇಗಿತು. ಎದ್ದವಳೇ, "ಅಣ್ಣಾ, ಕಣ್ಣು ಮುಚ್ಕೋ" ಎಂದಳು. ಅವನು ಮುಚ್ಚಿಕೊಂಡ. ಮೊದಲು ರೈಲಿನ ದನಿಯಲ್ಲಿ, "ಸಾರ್, ತಮ್ಮ ಮನೆ ಬಾಡಿಗೆಗಿದೆ ಅಂತ ತಿಳೀತು, ಯಾವಾಗ ಬಂದು ನೋಡಬಹುದು?" ಎಂದಳು. ಆಮೇಲೆ ಅಜ್ಜಿಯ ದನಿಯಲ್ಲಿ, "ಸಾರೂಊ... ಮನೆ ಬಾಡಿಗೇಗೆ ಇದೆಯಂತಲ್ಲಾಆ... ಯಾವಾಗ ಬಂದು ನೋಡ್ಲೀಈ?" ಎಂದಳು. "ಈಗ ಹೇಳು. ಯಾರನ್ನ ಮೊದಲು ಕರೀತೀಯಾ?"

ಬ್ರೋಕರ್ ಕಣ್ಣು ಬಿಟ್ಟ. ಮೆಲ್ಲಗೆ ಬೆಂಚಿಗೆ ಕೂತ. ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸುತ್ತ, "ಅವನನ್ನ ಯಾಕೆ ಕೇಳ್ತೀರಿ? ಊರನ್ನೇ ಕೇಳೋಣ" ಎಂದರು.

ಹೀಗೆ ಶುರುವಾಯಿತು ಆ ಕೆಲಸ. ಪತ್ರಿಕೆಯಲ್ಲಿ ಬಂದ ಬಾಡಿಗೆ ಮನೆಗಳ ಜಾಹೀರಾತಿನಿಂದ ಚೀಟಿ ಎತ್ತಿ ನಂಬರ್ ಆರಿಸುವುದು. ಪ್ರತಿ ನಂಬರಿಗೂ ದನಿಯಕ್ಕ ಎರಡು ಸಲ ಫೋನ್ ಮಾಡುವುದು, ಒಂದೊಂದು ದನಿಯಲ್ಲಿ ಒಂದೊಂದು ಸಲ, ರೈಲಿನ ಗುರುತು ಯಾರಿಗೂ ಸಿಗದಂತೆ ಮೈಕಿನ ರಾಗ ಬಿಟ್ಟು. ಏನಿದೆ ಮಹಾ ಎಂದುಕೊಂಡಿದ್ದಳು. ಪ್ರೊಫೆಸರಮ್ಮ ಆಕೆಯನ್ನು ಹಣ್ಣುಗಾಯಿ ಮಾಡಿಬಿಟ್ಟರು. ಎರಡು ದನಿಗೂ ಅದೇ ಪ್ರಶ್ನೆ, ಅದೇ ಸಂಸಾರ, ಅದೇ ನೌಕರಿ. ಒಂದು ಮನೆಗೆ ಊರಿನ ದನಿ ಮೊದಲಾದರೆ ಇನ್ನೊಂದಕ್ಕೆ ಆಚೆದಡದ ದನಿ ಮೊದಲು.

"ನಿಜವಾಗ್ಲೂ ಮನೆ ಹೋಗಿರಬಹುದಲ್ವಾ? ಅದನ್ನೂ ನಾವು ನಂಬಬೇಕು" ಎನ್ನುತ್ತಿದ್ದರು. "ನಮಗೆ ಬೇಕಾದ ಉತ್ತರ ಬರೋ ಹಾಗೆ ಕೇಳಿದ್ರೆ ಅದು ಅಧ್ಯಯನ ಅಲ್ಲ, ಜಗಳ."

"ಜಗಳಾನೇ ಆಡೋಣ ಅನ್ಸುತ್ತೆ ಮೇಡಂ."

"ಆಡಿ. ಆದ್ರೆ ಫೋನಲ್ಲಲ್ಲ. ಇನ್ನೊಂದು ಮಾತು. ಯಾರು ಏನಂದ್ರು ಅನ್ನೋದು ಈ ಕೋಣೆ ದಾಟಬಾರದು. ನಾವು ಹಿಡೀಬೇಕಾದ್ದು ಊರಿನ ಅಭ್ಯಾಸಾನ, ಒಬ್ಬೊಬ್ಬರ ಜುಟ್ಟನ್ನಲ್ಲ."

ಎಲ್ಲಕ್ಕಿಂತ ಕಷ್ಟವಾದದ್ದು ಅಜ್ಜಿಯ ದನಿ. ತರಗತಿಯಲ್ಲಿ ತಮಾಷೆಗೆ ಒಂದು ವಾಕ್ಯ ಬಂದಿತ್ತು. ದಿನವಿಡೀ ಆಡಬೇಕೆಂದರೆ ನಾಲಿಗೆ ತಡವರಿಸಿತು. ಹೇಳಿಕೊಡು ಎಂದು ತಮ್ಮನ ಮನೆಯಲ್ಲಿದ್ದ ಅವ್ವನ ಹತ್ತಿರ ಹೋದಳು. ಮುದುಕಿಗೆ ಸಿಟ್ಟು ನೆತ್ತಿಗೇರಿತು.

"ಅಸ್ಟು ಕಸ್ಟಪಟ್ಟು ಬಿಡಿಸಿದ್ದನ್ನ ಮತ್ತೆ ಕಲೀತೀಯೇನೇಏ? ಬುದ್ಧಿ ಎಲ್ಲಿಟ್ಟಿದೀಯಾಆ?"

"ಬಿಡಿಸಿದ್ದು ಯಾಕೆ ಅಂತ ಜನಕ್ಕೆ ತೋರಿಸ್ಬೇಕು ಅವ್ವಾ."

ಅವ್ವ ಮುಖ ತಿರುಗಿಸಿಕೊಂಡಳು. ಆಮೇಲೆ ಮಗಳ ಕಡೆ ನೋಡದೆಯೇ, "ಮನೇಏ ಅಲ್ಲ. ಮನೆಏಏ. ಕೊನೇಲಿ ಸ್ವಲ್ಪ ಇಳಿಸ್ಬೇಕು" ಎಂದಳು. ಸಂಜೆಯಾಗುವವರೆಗೆ ಹೇಳಿಕೊಟ್ಟಳು. ಮಧ್ಯದಲ್ಲಿ ಒಮ್ಮೆ ಮಗಳ ಬಾಯಲ್ಲಿ ತನ್ನ ತಾಯಿಯ ದನಿ ತದ್ವತ್ ಬಂದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

ಫೋನುಗಳು ಶುರುವಾದವು. ಕಾಲೇಜಿನ ಸಣ್ಣ ಕೋಣೆ, ಕಿಟಕಿಗೆ ದಪ್ಪ ಪರದೆ, ಒಂದು ಫೋನು. ಆಚೆದಡದ ದನಿಗೆ "ಈಗ್ತಾನೆ ಹೋಯ್ತಲ್ಲಮ್ಮ" ಎಂದವರೇ ಸ್ವಲ್ಪ ಹೊತ್ತಿನಲ್ಲಿ ಊರಿನ ದನಿಗೆ "ಬನ್ನಿ ಬನ್ನಿ, ಗಾಳಿ ಬೆಳಕು ಚೆನ್ನಾಗಿದೆ" ಎನ್ನುತ್ತಿದ್ದರು. ಯಾರೂ ಬೈಯಲಿಲ್ಲ. ಅದೇ ಆಕೆಯನ್ನು ಹೆಚ್ಚು ಸುಟ್ಟಿದ್ದು. ಎಲ್ಲರೂ ನಯವಾಗಿ, ನಗುತ್ತ, 'ಅಮ್ಮ' ಎನ್ನುತ್ತ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎರಡು ದನಿಗೂ ಒಂದೇ ರೀತಿ ಉತ್ತರಿಸಿದವರು ಇರಲಿಲ್ಲವೆಂದಲ್ಲ. ಕಿವಿ ಮಂದವಾದ ಒಬ್ಬ ಅಜ್ಜ ಎರಡು ಸಲವೂ "ಏನಂದ್ರೀ?" ಎಂದು ಕಿರುಚಿ, ಎರಡು ಸಲವೂ ಮನೆಗೆ ಬರಲು ಹೇಳಿದರು. ಆವತ್ತು ದನಿಯಕ್ಕನೂ ಪ್ರೊಫೆಸರಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹಾಗಿರುವಾಗ ಒಂದು ಮಧ್ಯಾಹ್ನ ಆಕೆ ಆಚೆದಡದ ದನಿಯಲ್ಲಿ ಒಂದು ನಂಬರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಸಣ್ಣ ಕೆಮ್ಮು, ಆಮೇಲೆ "ಹೇಳಿ, ಹೇಳೀ" ಎಂಬ ಮಾತು. ಆ ಕೆಮ್ಮು ದನಿಯಕ್ಕನಿಗೆ ಗೊತ್ತಿತ್ತು. ಅದು ಮಾಸ್ತರಣ್ಣ. ಆಕೆಯ ನಿಲ್ದಾಣದ ಸ್ಟೇಷನ್ ಮಾಸ್ತರು. ಆಕೆಯನ್ನು ತಂಗಿ ಎಂದೇ ಕರೆಯುವವರು. ಕಪ್ಪು ಮುಖದವಳು ಅನೌನ್ಸರ್ ಆಗುವುದು ಬೇಡ ಎಂದು ಹಿಂದೆ ಯಾರೋ ತಕರಾರು ತೆಗೆದಾಗ, "ಮೈಕಿಗೆ ಮುಖ ಕಾಣುತ್ತೇನ್ರಿ?" ಎಂದು ಕೆಲಸ ಕೊಡಿಸಿದ್ದೇ ಅವರು. ಆಕೆಯ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವರು.

ಫೋನ್ ಇಟ್ಟುಬಿಡಬಹುದಿತ್ತು. ಆದರೆ ಪ್ರಶ್ನೆ ಬಾಯಿಂದ ಆಗಲೇ ಹೊರಟುಹೋಗಿತ್ತು. 'ಹೂಂ ಅನ್ನು ಅಣ್ಣಾ, ಬನ್ನಿ ಅನ್ನು' ಎಂದು ಆಕೆ ಮನಸ್ಸಿನಲ್ಲೇ ಅಂಗಲಾಚಿದಳು.

"ಅಯ್ಯೋ, ಮಹಡಿ ಮನೆ ಹೋಗಿಬಿಡ್ತಲ್ಲಮ್ಮ," ಎಂದರು ಮಾಸ್ತರಣ್ಣ, ಎಂದಿನ ಅದೇ ಮೃದು ದನಿಯಲ್ಲಿ. "ಬೇರೆ ಕಡೆ ನೋಡಿ, ಸಿಗುತ್ತೆ."

ಊರಿನ ದನಿಯಲ್ಲಿ ಆಕೆ ಅವರಿಗೆ ಫೋನ್ ಮಾಡುವ ಹಾಗಿರಲಿಲ್ಲ. ದಿನಾ ಹತ್ತಿರದಿಂದ ಕೇಳುವವರು, ಗುರುತು ಹಿಡಿದುಬಿಡುತ್ತಿದ್ದರು. ವಿಷಯ ತಿಳಿದ ಬ್ರೋಕರ್ ತಾನೇ ಫೋನ್ ಎತ್ತಿಕೊಂಡ. ಮಾತಾಡಿ ಇಟ್ಟವನ ಮುಖ ಸಪ್ಪಗಾಗಿತ್ತು.

"ಏನಂದ್ರು?" ಎಂದಳು ದನಿಯಕ್ಕ.

"ಬೇಡ ಬಿಡಕ್ಕಾ."

"ಏನಂದ್ರು ಹೇಳು."

"ಖಾಲಿ ಇದೆ, ನಾಳೇನೇ ಬನ್ನಿ ಅಂದ್ರು." ಅವನು ನೆಲ ನೋಡುತ್ತ ನಿಂತ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ನಾನೂ ಇಂಥ ಫೋನು ಎಷ್ಟೋ ಮಾಡಿದೀನಿ. 'ಪಾರ್ಟಿ ಯಾರು, ನಮ್ಮವರೇ ತಾನೆ' ಅಂತ ಮನೆಯವರು ಕೇಳೋರು, ನಾನು ಹೂಂ ಅನ್ನೋನು. ಅದು ಏನು ಅಂತ ಯೋಚನೇನೇ ಮಾಡಿರ್ಲಿಲ್ಲ" ಎಂದ.

ಪ್ರೊಫೆಸರಮ್ಮ ಆಕೆಯ ಪಕ್ಕ ಕೂತು ಹೇಳಿದರು: "ಗುರುತಿನವರ ಮನೆ, ಎರಡನೇ ಫೋನು ಬೇರೆಯವರು ಮಾಡಿದ್ದು. ಇದು ಲೆಕ್ಕಕ್ಕೆ ಬರಲ್ಲ, ತೆಗೆದುಬಿಡ್ತೀನಿ. ಇನ್ನು ಇದು ಅಧ್ಯಯನದ್ದಲ್ಲ, ನಿಮ್ಮದು. ಏನು ಮಾಡ್ತೀರೋ ನಿಮಗೆ ಬಿಟ್ಟದ್ದು."

ಮರುದಿನ ಬೆಳಿಗ್ಗೆ ಮಾಸ್ತರಣ್ಣ ಎಂದಿನಂತೆ ಎರಡು ಲೋಟ ಚಹಾ ಹಿಡಿದು ಗಾಜಿನ ಗೂಡಿಗೆ ಬಂದರು. "ಏನು ತಂಗಿ, ಮುಖ ಊದಿಸ್ಕೊಂಡಿದೀಯಾ? ಯಜಮಾನ್ರ ಜೊತೆ ಜಗಳಾನಾ?"

ದನಿಯಕ್ಕ ಲೋಟ ಮುಟ್ಟಲಿಲ್ಲ. ಅಜ್ಜಿಯ ದನಿಯಲ್ಲಿ ಹೇಳಿದಳು: "ಅಣ್ಣಾಆ... ಮಹಡಿ ಮನೇಗೆ ಯಾರು ಬಂದ್ರೂಊ?"

ಮಾಸ್ತರಣ್ಣ ಮೊದಲು ತಮಾಷೆಯೆಂದು ನಗಲು ಹೋದರು. ನಗು ಅರ್ಧಕ್ಕೆ ನಿಂತಿತು. ಕೆಮ್ಮು ಬಂತು. "ನೀನಾ?" ಎಂದರು. "ನೀನು ಅಂತ ಗೊತ್ತಿದ್ರೆ ಇಲ್ಲ ಅಂತಿದ್ನಾ? ನಿನ್ನ ವಿಷಯ ಬೇರೆ ತಂಗಿ. ನೀನು ನಮ್ಮವಳು."

"ಬೇರೆ ಅಲ್ಲ ಅಣ್ಣ. ಅವಳೂ ನಾನೇ."

"ನನಗೇನಿಲ್ಲ. ಮನೆಯವಳು, ಅಕ್ಕಪಕ್ಕದವರು..."

"ನಾನು ಕೇಳಿದ್ದು ನಿಮ್ಮನ್ನ."

ಆ ಹೊತ್ತಿಗೆ ಸರಿಯಾಗಿ ಕೆಳಗೆ ಗಾಡಿ ಬಂತು. ಮಾಸ್ತರಣ್ಣ ತಲೆ ತಗ್ಗಿಸಿ ಮೆಟ್ಟಿಲಿಳಿದರು. ಅವರು ಹೋದ ಮೇಲೆ ದನಿಯಕ್ಕ ಮೇಜಿಗೆ ತಲೆಯಾನಿಸಿ ಅತ್ತಳು. ತನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ ಕೈಯೇ ತನ್ನಂಥವರಿಗೆ ಬಾಗಿಲು ಹಾಕಿದ್ದನ್ನು ಎಲ್ಲಿಡಬೇಕೋ ಆಕೆಗೆ ತಿಳಿಯಲಿಲ್ಲ. ಅವರನ್ನು ದ್ವೇಷಿಸಲು ನೋಡಿದಳು, ಆಗಲಿಲ್ಲ. ಕ್ಷಮಿಸಲು ನೋಡಿದಳು, ಅದೂ ಆಗಲಿಲ್ಲ. ಅಳು ನಿಂತ ಮೇಲೆ ಗಂಟಲಿಗೆ ಬಿಸಿನೀರು ಹಾಕಿಕೊಂಡು ಮುಂದಿನ ಗಾಡಿ ಕೂಗಿದಳು. ಆವತ್ತು ಮಧ್ಯಾಹ್ನವೂ ಕಾಲೇಜಿಗೆ ಹೋಗಿ ಉಳಿದ ಫೋನುಗಳನ್ನು ಮಾಡಿದಳು. ಈ ಫೋನಿನ ಕೆಲಸ ಬಿಟ್ಟುಬಿಡು ಎಂದು ಗಂಡನೂ ಹೇಳಿದ್ದ, ಬ್ರೋಕರನೂ ಹೇಳಿದ್ದ. "ಅರ್ಧಕ್ಕೆ ಬಿಟ್ರೆ ಇಷ್ಟು ಜನ ಇಲ್ಲ ಅಂದಿದ್ದು ನನ್ನೊಬ್ಬಳ ಹೊಟ್ಟೇಲಿ ಉಳಿಯುತ್ತೆ" ಎಂದುಬಿಟ್ಟಳು.

ಎಲ್ಲ ಮುಗಿದು ಕೂಡಿಸಿ ನೋಡಿದಾಗ, ಊರಿನ ದನಿಗೆ ತೆರೆದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಚೆದಡದ ದನಿಗೆ ಮುಚ್ಚಿದ್ದವು. ಪ್ರೊಫೆಸರಮ್ಮ ಅದನ್ನು ನಗರಸಭೆಯ ಮುಂದಿಟ್ಟರು. ಸಭಾಂಗಣ ಕಿಕ್ಕಿರಿದಿತ್ತು. ಅಂಕಿಗಳನ್ನು ಅವರು ವಿವರಿಸಿದರು. ಉತ್ತರಗಳನ್ನು ಯಾರ ಗುರುತೂ ಬಿಟ್ಟುಕೊಡದೆ ದನಿಯಕ್ಕ ಓದಿದಳು, ಯಾವ ದನಿಗೆ ಯಾವ ಉತ್ತರ ಬಂತೋ ಆ ದನಿಯಲ್ಲೇ ಪ್ರಶ್ನೆ ಕೇಳುತ್ತ. ಮೈಕಿನಲ್ಲಿ ರೈಲಿನ ದನಿ ಕೇಳಿದ ಕೂಡಲೇ ಜನ ಕಣ್ಣರಳಿಸಿದರು. ಆ ದನಿ ಈ ಮುಖದ್ದು ಎಂಬುದು ಬಹಳ ಮಂದಿಗೆ ತಿಳಿದದ್ದು ಅಲ್ಲಿಯೇ.

ಮನೆಮಾಲೀಕರ ಪೈಕಿ ಒಬ್ಬರು ಎದ್ದು ಗುಡುಗಿದರು: "ಸುಳ್ಳು ಹೇಳಿ ಫೋನ್ ಮಾಡಿದೋಳು! ಈ ಎರಡು ನಾಲಿಗೆಯವಳ ಮಾತು ನಂಬ್ತೀರೇನ್ರಿ?"

ಸಭೆಯಲ್ಲಿ ಗುಸುಗುಸು ಎದ್ದಿತು. ಪ್ರೊಫೆಸರಮ್ಮ ಉತ್ತರಿಸಲು ಏಳುತ್ತಿದ್ದರು. ದನಿಯಕ್ಕ ಅವರ ತೋಳು ಹಿಡಿದು ಕೂರಿಸಿದಳು.

"ಹೌದು ಸಾರ್, ನನಗೆ ಎರಡು ನಾಲಿಗೆ," ಎಂದಳು. "ಒಂದು ನಮ್ಮಜ್ಜಿ ಕೊಟ್ಟಿದ್ದು. ಇನ್ನೊಂದು ನಿಮ್ಮಂಥವರ ಮನೆ ಬಾಗಿಲಲ್ಲಿ ನಿಂತು ನಿಂತು ನಮ್ಮವ್ವ ಕಲಿಸಿದ್ದು. ಎರಡರಲ್ಲೂ ನಾನು ಕೇಳಿದ್ದು ಒಂದೇ ಮಾತು. ಉತ್ತರ ಎರಡು ಬಂದಿದ್ದು ನನ್ನ ಬಾಯಿಂದ ಅಲ್ಲ."

ಆ ಮನುಷ್ಯರು ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ಬ್ರೋಕರ್.

ಊರು ಒಂದೇ ದಿನದಲ್ಲಿ ಬದಲಾಗಲಿಲ್ಲ. ಬದಲಾಯಿತೆಂದರೆ ಸುಳ್ಳಾದೀತು. ಕೆಲವರು ಆಕೆಯನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗತೊಡಗಿದರು. ನಗರಸಭೆ ಬಹಳ ಚರ್ಚೆ ಮಾಡಿ, ಬಾಡಿಗೆ ಮನೆ ಕೊಡಿಸುವ ಏಜೆನ್ಸಿಗಳನ್ನು ಇದೇ ರೀತಿ ವರ್ಷ ವರ್ಷ ಪರೀಕ್ಷಿಸುವುದು, ಸಿಕ್ಕಿಬಿದ್ದವರ ಪರವಾನಗಿ ತಡೆಹಿಡಿಯುವುದು ಎಂದು ನಿಯಮ ಮಾಡಿತು. ಬ್ರೋಕರ್ ತನ್ನ ಅಂಗಡಿಯಲ್ಲಿ 'ಪಾರ್ಟಿ ಯಾರು' ಎಂದು ಕೇಳುವವರ ಮನೆಗಳನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟ. ಗಿರಾಕಿ ಸ್ವಲ್ಪ ಕಮ್ಮಿಯಾದರು, ಅವನ ಬಾಯಿಬಡುಕತನ ಕಮ್ಮಿಯಾಗಲಿಲ್ಲ.

ದನಿಯಕ್ಕ ಒಂದು ಬೆಳಿಗ್ಗೆ ಆಚೆದಡಕ್ಕೆ ಹೋಗುವ ಗಾಡಿಯನ್ನು ಮೊದಲು ಊರಿನ ದನಿಯಲ್ಲಿ, ಮತ್ತೊಮ್ಮೆ ಆಚೆದಡದ ದನಿಯಲ್ಲಿ ಕೂಗಿದಳು. ಕೆಳಗೆ ಬುಟ್ಟಿ ಹೊತ್ತು ನಿಂತಿದ್ದ ಹೆಂಗಸರು ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಜೋರಾಗಿ ನಕ್ಕಳು. ಆ ವಾರವೇ 'ನಿಲ್ದಾಣದ ಘನತೆಗೆ ಕುಂದು' ಎಂಬ ದೂರು ಮಾಸ್ತರಣ್ಣನ ಮೇಜಿಗೆ ಬಂತು. ಅವರು ದೂರುದಾರರನ್ನು ಕರೆಸಿ, "ಗಾಡಿ ಹೊತ್ತು ತಪ್ಪಾಗಿ ಹೇಳಿದ್ರಾ?" ಎಂದು ಕೇಳಿದರಂತೆ. ಇಲ್ಲ ಎಂದದ್ದಕ್ಕೆ, "ಹಾಗಾದ್ರೆ ನೀವಿನ್ನು ಹೊರಡಿ" ಎಂದು ಕಳಿಸಿಬಿಟ್ಟರಂತೆ. ಆ ಮಾತನ್ನು ಅವರು ದನಿಯಕ್ಕನಿಗೆ ಹೇಳಲಿಲ್ಲ. ಗುಮಾಸ್ತ ಹೇಳಿದ. ಅವರ ಮಹಡಿ ಮನೆಗೆ ಬಂದದ್ದು ಈಚೆದಡದ ಸಂಸಾರವೇ. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಅವರು ನಿವೃತ್ತರಾದ ದಿನ ದನಿಯಕ್ಕ ಹೂಗುಚ್ಛ ಕೊಟ್ಟಳು. ಅವರು ತಂಗಿ ಎನ್ನಲು ಹೋಗಿ, ತಡೆದು, "ಮೇಡಂ" ಎಂದರು. ಅದರಲ್ಲಿ ಮುನಿಸಿತ್ತೋ ಮರ್ಯಾದೆಯಿತ್ತೋ ಆಕೆಗೆ ಇಂದಿಗೂ ಗೊತ್ತಿಲ್ಲ.

ಈಗ ವರ್ಷಕ್ಕೊಮ್ಮೆ ಏಜೆನ್ಸಿಗಳ ಪರೀಕ್ಷೆಯ ಹೊತ್ತಿಗೆ ಹೊಸ ಫೋನುಗಾರರನ್ನು ತಯಾರು ಮಾಡುವವಳು ದನಿಯಕ್ಕ. ಕಳೆದ ಸಲ ಬಂದವರಲ್ಲಿ ಆಚೆದಡದ ಒಬ್ಬ ಟೈಲರ್ ಇದ್ದರು, ಮೀಸೆ ನರೆತ, ಗಟ್ಟಿ ಆಳು. ಮೊದಲ ಫೋನಿನಲ್ಲೇ "ಇಲ್ಲಪ್ಪಾ, ಹೋಯ್ತು" ಎಂಬ ಉತ್ತರ ಬಂತು. ಅದೇ ನಂಬರಿಗೆ ಎರಡನೇ ದನಿಯಲ್ಲಿ ಕೇಳಿ "ಬನ್ನಿ" ಎಂಬುದನ್ನೂ ಕೇಳಿಸಿಕೊಂಡವರು ಫೋನ್ ಇಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಉಳಿದವರು ಏನು ಮಾಡಬೇಕೆಂದು ತೋಚದೆ ಕಿಟಕಿ ನೋಡಿದರು.

ದನಿಯಕ್ಕ ಕುರ್ಚಿ ಎಳೆದು ಅವರ ಎದುರಿಗೆ ಕೂತಳು.

"ಅಳಿ ಅಣ್ಣ, ನಾನೂ ಅತ್ತಿದೀನಿ," ಎಂದಳು. "ಆದ್ರೆ ನೀವು ಫೋನ್ ಇಟ್ಟ ಮೇಲೆ ಅತ್ರಲ್ಲ, ಅದು ನೋಡಿ ಕೆಲಸ ಅಂದ್ರೆ. ಆ ಮನುಷ್ಯನಿಗೆ ನಿಮ್ಮ ದನೀಲಿ ಏನೂ ಗೊತ್ತಾಗ್ಲಿಲ್ಲ. ಹೋಗಿ ಮುಖ ತೊಳ್ಕೊಂಡ್ಬನ್ನಿ."

ಟೈಲರ್ ಎದ್ದು ಹೋದರು. ಪಡಸಾಲೆಯ ಕೊನೆಯಲ್ಲಿ ನಲ್ಲಿಯ ಸದ್ದು ಕೇಳಿಸಿತು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ವಾಪಸು ಬಂದು, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ಮುಂದಿನ ನಂಬರ್ ಒತ್ತಿದರು.